ಮೂರನೆಯ ಮಹಡಿಯ ಜಗಳ

ಈ ಸಂಚಿಕೆಯ ಸಂಪಾದಕೀಯ ರಾಜ್ಯೋತ್ಸವವನ್ನು ಕುರಿತೇ ಇರಬೇಕೆಂದು ಕಾರ್ಯಕಾರಿ ಸಮಿತಿಯವರು ಅಪೇಕ್ಷಿಸಿದ್ದರು, ನಾನೂ ಅದನ್ನು ಅರ್ಧದವರೆಗೆ ಬರೆದಿಟ್ಟಿದ್ದೆ. ಆದರೆ ಕಳೆದ ಭಾನುವಾರ ಇಲ್ಲಿ ಇಂಗ್ಲೆಂಡಿನಲ್ಲಿರುವ ನಮ್ಮ ಕನ್ನಡಿಗರ ಓದುಗರ ಬಳಗದ ಸಭೆ ಮುಗಿಸಿ ಮನೆಗೆ ಬಂದು ಕೋಟು ಬಿಚ್ಚುವಷ್ಟರಲ್ಲಿ ಆರಂಭವಾದ ದೂರವಾಣಿ ಕರೆಗಳು ಈ ರಾತ್ರಿಯವರೆಗೂ ನಿಂತಿಲ್ಲ. ನಾಳೆ ಬೆಳಿಗ್ಗೆ ಪುಟಗಳು ಅಚ್ಚಿಗೆ ಹೋಗಲೇಬೇಕು. ಆದ್ದರಿಂದ ರಾಜ್ಯೋತ್ಸವದ ವಿವರಗಳನ್ನು ಕೊನೆಗೆ ಇಟ್ಟುಕೊಂಡು, ಎಲ್ಲರ ಬಾಯಲ್ಲೂ ಇರುವ ವಿಷಯವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬಳಗ ಈ ಬಾರಿ ಆರಿಸಿಕೊಂಡಿದ್ದು ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಲೇಖಕಿ ಷಾರ್ಲೆಟ್ ಬ್ರಾಂಟೆಯ ‘ಜೇನ್ ಐರ್’ ಕಾದಂಬರಿಯನ್ನು. ನಮ್ಮ ಮಕ್ಕಳಲ್ಲಿ ಕೆಲವರು ಇಲ್ಲಿನ ಶಾಲೆಯ ಪರೀಕ್ಷೆಗಾಗಿ ಅದನ್ನು ಓದುತ್ತಿದ್ದಾರೆ. ಅವರ ತಾಯಂದಿರಲ್ಲಿ ಅನೇಕರು ಊರಿನಲ್ಲಿದ್ದಾಗ ಪಿಯುಸಿಯಲ್ಲೋ ಬಿ.ಎ.ಯಲ್ಲೋ ಅದರ ಸಂಕ್ಷಿಪ್ತ ಆವೃತ್ತಿಯನ್ನು ನಾನ್‌ಡೀಟೇಲ್ಡ್ ಪಠ್ಯವಾಗಿ ಓದಿ ಪಾಸಾದವರು. ಲೇಖಕಿ ಬಾಳಿದ ಹಾವರ್ತ್ ಗ್ರಾಮವಂತೂ ನಮ್ಮಲ್ಲಿ ಹಲವರು ಭಾನುವಾರ ತಿರುಗಾಡಲು ಹೋಗುವ ಜಾಗವೇ. ಹೀಗಾಗಿ ತಾಯಿ ಮಗಳು ಒಂದೇ ಪುಸ್ತಕವನ್ನು ಮುಂದಿಟ್ಟುಕೊಂಡು ಕೂರುವ ಅವಕಾಶ ತಾನಾಗಿ ಒದಗಿತ್ತು. ಸಭೆ ಸುಸೂತ್ರವಾಗಿ ನಡೆಯುತ್ತದೆ ಎಂದುಕೊಂಡಿದ್ದೆವು. ಅರ್ಧ ಗಂಟೆ ನಡೆಯಿತು ಕೂಡ. ಆಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹದಿನೈದು ವರ್ಷದ ಹುಡುಗಿಯೊಬ್ಬಳು ಕೈ ಎತ್ತಿ, “ಇಡೀ ಬುಕ್‌ನಲ್ಲಿ ಬರ್ತಾಗೆ ಒಂದು ಡೈಲಾಗೂ ಇಲ್ಲ ಆಂಟಿ, ನಾನು ಹುಡುಕಿದೆ” ಎಂದಳು. ಅಲ್ಲಿಂದ ಮುಂದೆ ಸಭೆ ಅಧ್ಯಕ್ಷರ ಕೈಗೆ ಸಿಗಲಿಲ್ಲ.

ಓದದಿದ್ದವರಿಗಾಗಿ ಕಥೆಯ ಎಳೆಯನ್ನು ಹೇಳಿಬಿಡುತ್ತೇನೆ. ತಂದೆತಾಯಿಯಿಲ್ಲದ ಜೇನ್ ಸೋದರಮಾವನ ಹೆಂಡತಿಯ ಮನೆಯಲ್ಲಿ ಬೈಸಿಕೊಂಡು ಹೊಡೆಸಿಕೊಂಡು ಬೆಳೆದು, ಲೋವುಡ್ ಎಂಬ ಧರ್ಮಾರ್ಥ ಶಾಲೆಯಲ್ಲಿ ಓದಿ, ಥಾರ್ನ್‌ಫೀಲ್ಡ್ ಎಂಬ ದೊಡ್ಡ ಮನೆಯಲ್ಲಿ ಮಗುವಿಗೆ ಪಾಠ ಹೇಳುವ ಕೆಲಸಕ್ಕೆ ಸೇರುತ್ತಾಳೆ. ಮನೆಯ ಯಜಮಾನ ರಾಚೆಸ್ಟರ್‌ಗೂ ಅವಳಿಗೂ ಪ್ರೀತಿ ಹುಟ್ಟಿ ಮದುವೆಯ ದಿನ ಚರ್ಚಿನಲ್ಲಿ ನಿಂತಾಗ, ಅವನಿಗೆ ಹದಿನೈದು ವರ್ಷಗಳ ಹಿಂದೆಯೇ ಜಮೈಕಾದಲ್ಲಿ ಮದುವೆಯಾಗಿತ್ತೆಂದೂ, ಆ ಹೆಂಡತಿ ಬರ್ತಾ ಮೇಸನ್ ಬುದ್ಧಿಭ್ರಮಣೆಯಾಗಿ ಅದೇ ಮನೆಯ ಮೂರನೆಯ ಮಹಡಿಯಲ್ಲಿ ಬೀಗದೊಳಗೆ ಇದ್ದಾಳೆಂದೂ ಬಯಲಾಗುತ್ತದೆ. ಹುಡುಗಿ ಹೇಳಿದ್ದು ಬಹುಮಟ್ಟಿಗೆ ಸರಿ. ಬರ್ತಾ ನಗುತ್ತಾಳೆ, ಗುರುಗುಟ್ಟುತ್ತಾಳೆ, ಕಚ್ಚುತ್ತಾಳೆ, ಹಾಸಿಗೆಗೆ ಬೆಂಕಿ ಇಡುತ್ತಾಳೆ. ಅವಳು ಆಡಿದಳೆಂದು ನಮಗೆ ತಿಳಿಯುವ ಒಂದೇ ಮಾತು, ತನ್ನ ಹೃದಯದ ರಕ್ತವನ್ನೇ ಹೀರುವೆನೆಂದಳು ಎಂದು ಗಾಯಗೊಂಡ ಅವಳ ಸೋದರ ವರದಿ ಮಾಡುವ ಮಾತು.

ರಾಚೆಸ್ಟರ್ ಪರವಾಗಿ ಮೊದಲು ಎದ್ದವರು ನಮ್ಮ ನಿವೃತ್ತ ಎಂಜಿನಿಯರ್ ಒಬ್ಬರು. ಕಾನೂನೇ ದಾರಿ ಕೊಡದಿದ್ದಾಗ ಆ ಮನುಷ್ಯ ಏನು ಮಾಡಬೇಕಿತ್ತು ಎಂಬುದು ಅವರ ಪ್ರಶ್ನೆ. ಪಕ್ಕದಲ್ಲಿದ್ದ ವಕೀಲೆ ಅದನ್ನು ಒಪ್ಪಿದರು. 1857ರ ಕಾಯಿದೆಗೆ ಮುಂಚೆ ಇಂಗ್ಲೆಂಡಿನಲ್ಲಿ ಮರುಮದುವೆಗೆ ಅವಕಾಶ ಕೊಡುವ ವಿಚ್ಛೇದನ ಬೇಕಾದರೆ ಪಾರ್ಲಿಮೆಂಟಿನಲ್ಲಿ ಪ್ರತ್ಯೇಕ ಮಸೂದೆಯೇ ಪಾಸಾಗಬೇಕಿತ್ತು. ವಾಸಿಯಾಗದ ಬುದ್ಧಿಭ್ರಮಣೆ ವಿಚ್ಛೇದನಕ್ಕೆ ಕಾರಣವಾಗಬಹುದೆಂದು ಇಲ್ಲಿನ ಕಾನೂನು ಒಪ್ಪಿದ್ದು 1937ರಲ್ಲಿ, ನಮ್ಮ ಹಿಂದೂ ವಿವಾಹ ಕಾಯಿದೆ ಬಂದದ್ದು 1955ರಲ್ಲಿ. ಇಷ್ಟನ್ನು ಹೇಳಿ ಎಂಜಿನಿಯರರ ಮುಖ ಅರಳುವಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ಅವರು ಬರ್ತಾಳ ಹಿಂದೆ ಬಂದ 30,000 ಪೌಂಡುಗಳ ಮಾತು ತೆಗೆದರು. ಅಂದಿನ ಕಾನೂನಿನಂತೆ ಹೆಂಡತಿಯ ಹಣ ಗಂಡನದು. ಇಂಗ್ಲೆಂಡಿನಲ್ಲಿ ಅದು ಬದಲಾಗತೊಡಗಿದ್ದು 1870 ಮತ್ತು 1882ರ ಕಾಯಿದೆಗಳಿಂದ. ವರದಕ್ಷಿಣೆಯನ್ನು ಇಟ್ಟುಕೊಂಡು ಹೆಂಡತಿಯನ್ನು ಮಹಡಿಯ ಮೇಲೆ ಇಟ್ಟವನಿಗೆ ಅಷ್ಟು ಕನಿಕರ ಬೇಕಿಲ್ಲ ಎಂದರು. ‘ವರದಕ್ಷಿಣೆ’ ಎಂಬ ಪದ ಬಿದ್ದೊಡನೆ ಸಭೆಯಲ್ಲಿ ಕೆಲವರು ಚಹಾ ಲೋಟಗಳನ್ನು ನೋಡಿಕೊಳ್ಳತೊಡಗಿದ್ದನ್ನು ನಾನು ಗಮನಿಸಿದೆ.

ನಿಮ್ಹಾನ್ಸ್‌ನಲ್ಲಿ ತರಬೇತಿ ಪಡೆದು ಈಗ ಇಲ್ಲಿ ಮನೋವೈದ್ಯರಾಗಿರುವ ಸದಸ್ಯರೊಬ್ಬರು ಮಾತಾಡಿದ ಮೇಲೆ ವಾದಕ್ಕೆ ಹೆಚ್ಚಿನ ತೂಕ ಬಂತು. ಯಾರ್ಕ್ ನಗರದಲ್ಲಿ ಕ್ರೈಸ್ತರ ಕ್ವೇಕರ್ ಪಂಥದ ವಿಲಿಯಂ ಟ್ಯೂಕ್ ಸ್ಥಾಪಿಸಿದ ‘ರಿಟ್ರೀಟ್’ ಎಂಬ ಆಸ್ಪತ್ರೆ 1796ರಲ್ಲೇ ಬಾಗಿಲು ತೆರೆದಿತ್ತು. ಅಲ್ಲಿ ಸರಪಳಿ, ಹೊಡೆತಗಳನ್ನು ಬಿಟ್ಟು ರೋಗಿಗಳಿಗೆ ತೋಟದ ಕೆಲಸ, ಹೊಲಿಗೆ, ಮೇಜಿನ ಮುಂದೆ ಕೂತು ಊಟ, ಇಂಥ ದಿನಚರಿ ಕಲ್ಪಿಸಿದ್ದರು. ‘ಜೇನ್ ಐರ್’ ಪ್ರಕಟವಾದ 1847ರಲ್ಲೇ ನಮ್ಮ ಬೆಂಗಳೂರಿನಲ್ಲಿ ಹುಚ್ಚರ ಆಸ್ಪತ್ರೆಯೊಂದು ಆರಂಭವಾಯಿತು. ಅದೇ 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರು ಪಡೆದು, 1974ರಲ್ಲಿ ನಿಮ್ಹಾನ್ಸ್‌ನ ಭಾಗವಾಯಿತು. ಕಾದಂಬರಿಯಲ್ಲಿ ಬರ್ತಾಳಿಗೆ ಇರುವುದು ಗ್ರೇಸ್ ಪೂಲ್ ಎಂಬ ಒಬ್ಬಳೇ ಕಾವಲುಗಾತಿ, ಅವಳಿಗೂ ಕುಡಿತದ ಚಟ. ಅವಳು ಕುಡಿದು ಮಲಗಿದಾಗಲೇ ಬರ್ತಾ ಕೀಲಿಕೈ ಎತ್ತಿಕೊಂಡು ಹೊರಬರುವುದು. ಇದನ್ನು ಆರೈಕೆ ಎಂದು ಕರೆಯಲು ವೈದ್ಯರು ಒಪ್ಪಲಿಲ್ಲ. ಆದರೆ ರಾಚೆಸ್ಟರ್‌ನನ್ನು ದುಷ್ಟನೆನ್ನುವುದಕ್ಕೂ ಅವರು ಒಪ್ಪಲಿಲ್ಲ. ಆ ಕಾಲದ ಎಲ್ಲ ಆಸ್ಪತ್ರೆಗಳೂ ಯಾರ್ಕಿನಂತಿರಲಿಲ್ಲ. ತನಗೆ ಫರ್ನ್‌ಡೀನ್ ಎಂಬ ಇನ್ನೊಂದು ಮನೆಯಿದ್ದರೂ ಅಲ್ಲಿನ ತೇವಕ್ಕೆ ಅವಳು ಬೇಗ ಸತ್ತುಹೋದಾಳು ಎಂದೇ ರಾಚೆಸ್ಟರ್ ಅವಳನ್ನು ಅಲ್ಲಿಗೆ ಕಳಿಸಲಿಲ್ಲ. ಕೊನೆಗೆ ಮನೆ ಹೊತ್ತಿ ಉರಿಯುವಾಗ ಅವಳನ್ನು ಉಳಿಸಲು ಮಾಡಿನ ಮೇಲೆ ಹತ್ತಿದವನೂ ಅವನೇ. ಇದನ್ನೆಲ್ಲ ಹೇಳಿ, ವೈದ್ಯರು ತಮ್ಮ ಊರಿನ ಒಂದು ಮನೆಯ ಹಿತ್ತಲ ಕೋಣೆಯ ವಿಷಯ ಹೇಳಿದರು. ಆ ಕೋಣೆಗೆ ಕಿಟಕಿಯ ಎರಡು ಸರಳುಗಳ ನಡುವಿನಿಂದ ಅಲ್ಯೂಮಿನಿಯಂ ತಟ್ಟೆ ಒಳಗೆ ಹೋಗುತ್ತಿತ್ತು, ತೊಳೆಯದೆ ಹೊರಗೆ ಬರುತ್ತಿತ್ತು. ಒಳಗಿದ್ದ ಸೊಸೆಯ ಹೆಸರು ಕೇರಿಯ ಮಕ್ಕಳಿಗೆ ಗೊತ್ತಿರಲಿಲ್ಲ. ಮಡಿಕೇರಿ ಕಡೆಯ ಒಬ್ಬರು ತಮ್ಮ ಪಕ್ಕದ ಮನೆಯಲ್ಲೂ ಹಾಗೆಯೇ ಇತ್ತೆಂದರು. ಹಾಸನದವರೊಬ್ಬರು ಏನೋ ಹೇಳಹೊರಟು ನಿಲ್ಲಿಸಿದರು.

ಈ ಪುಸ್ತಕದ ಬಗ್ಗೆ ಓದುಗರು ಹೀಗೆ ಎರಡಾಗುವುದು ಹೊಸದೇನಲ್ಲ. 1847ರ ಅಕ್ಟೋಬರಿನಲ್ಲಿ ಅದು ಕರರ್ ಬೆಲ್ ಎಂಬ ಗುಪ್ತನಾಮದಲ್ಲಿ ಮೂರು ಸಂಪುಟಗಳಾಗಿ ಬಂದಾಗ, ಬರೆದವರು ಗಂಡಸೋ ಹೆಂಗಸೋ ಎಂಬ ಊಹಾಪೋಹದಿಂದಲೇ ಜಗಳ ಆರಂಭವಾಯಿತು. ಕಲ್ಕತ್ತೆಯಲ್ಲಿ ಹುಟ್ಟಿದ ಕಾದಂಬರಿಕಾರ ಥ್ಯಾಕರೆ ಬಹಳ ಮೆಚ್ಚಿಕೊಂಡ. ಕೃತಜ್ಞತೆಯಿಂದ ಷಾರ್ಲೆಟ್ ಎರಡನೆಯ ಮುದ್ರಣವನ್ನು ಅವನಿಗೇ ಅರ್ಪಿಸಿದಳು. ಥ್ಯಾಕರೆಯ ಹೆಂಡತಿಯೂ ಮಾನಸಿಕ ಅಸ್ವಸ್ಥೆಯೆಂಬುದು ಪಾಪ ಅವಳಿಗೆ ತಿಳಿದಿರಲಿಲ್ಲ. ಈ ಲೇಖಕಿ ಅವನ ಮನೆಯಲ್ಲಿ ಪಾಠ ಹೇಳುತ್ತಿದ್ದವಳೇ ಇರಬೇಕೆಂದು ಲಂಡನ್ನಿನಲ್ಲಿ ಗುಲ್ಲೆದ್ದಿತು. 1848ರ ಡಿಸೆಂಬರಿನಲ್ಲಿ ‘ಕ್ವಾರ್ಟರ್ಲಿ ರಿವ್ಯೂ’ ಪತ್ರಿಕೆಯಲ್ಲಿ ಹೆಸರು ಹಾಕದೆ ಬರೆದ ಎಲಿಜಬೆತ್ ರಿಗ್ಬಿ ಎಂಬಾಕೆ ಇದು ಕ್ರೈಸ್ತಧರ್ಮಕ್ಕೇ ವಿರುದ್ಧವಾದ ಕೃತಿಯೆಂದೂ, ಬಡವರು ತಮ್ಮ ಸ್ಥಿತಿಯ ಬಗ್ಗೆ ಗೊಣಗುವುದನ್ನು ಕಲಿಸುತ್ತದೆಂದೂ ಝಾಡಿಸಿದಳು. ಯುರೋಪಿನ ಊರೂರಿನಲ್ಲಿ ಕ್ರಾಂತಿ ಎದ್ದಿದ್ದ ವರ್ಷವದು, ಸಿರಿವಂತರ ಓದುಕೋಣೆಗಳಲ್ಲಿ ಅಂಜಿಕೆ ಇದ್ದದ್ದು ಸಹಜ. 1929ರಲ್ಲಿ ವರ್ಜೀನಿಯಾ ವುಲ್ಫ್, ಬರೆಯುವಾಗ ಲೇಖಕಿಗಿದ್ದ ಸಿಟ್ಟು ಕಥೆಯ ನೇಯ್ಗೆಯನ್ನು ಅಲ್ಲಲ್ಲಿ ಹರಿದಿದೆಯೆಂದಳು. 1966ರಲ್ಲಿ ಕೆರಿಬಿಯನ್ ದ್ವೀಪದ ಡೊಮಿನಿಕಾದಲ್ಲಿ ಹುಟ್ಟಿದ್ದ ಜೀನ್ ರೀಸ್ ಬರ್ತಾಳ ಕಡೆಯಿಂದಲೇ ಕಥೆ ಹೇಳುವ ಇನ್ನೊಂದು ಕಾದಂಬರಿಯನ್ನು ಬರೆದಳು. ಕಲ್ಕತ್ತೆಯವರೇ ಆದ ಗಾಯತ್ರಿ ಚಕ್ರವರ್ತಿ ಸ್ಪಿವಾಕ್ 1985ರಲ್ಲಿ, ಜೇನ್ ಸ್ವತಂತ್ರಳಾಗಬೇಕಾದರೆ ವಸಾಹತಿನ ಹೆಣ್ಣು ಬೆಂಕಿಗೆ ಬೀಳಬೇಕಾಯಿತಲ್ಲ ಎಂದು ಕೇಳಿದರು. ನಮ್ಮ ಹಿಂದಿನ ಸಾಲಿನ ಹುಡುಗಿ ಇವರಲ್ಲಿ ಯಾರನ್ನೂ ಓದಿರಲಿಲ್ಲ.

ನನ್ನ ಅಭಿಪ್ರಾಯವನ್ನು ಅನೇಕರು ಕೇಳಿದ್ದಾರೆ. ಅದನ್ನು ಹೇಳಬೇಕಾದರೆ ಧಾರವಾಡದ ಹಾಸ್ಟೆಲಿನ ಮಾತು ತೆಗೆಯಬೇಕು. ನಮಗೆ ಪಠ್ಯವಾಗಿದ್ದುದು ತೆಳುವಾದ ಸಂಕ್ಷಿಪ್ತ ಪುಸ್ತಕ. ಪೂರ್ತಿ ಕಾದಂಬರಿ ಇದ್ದದ್ದು ಇಡೀ ಹಾಸ್ಟೆಲಿಗೆ ಒಂದೇ ಪ್ರತಿ, ಅದೂ ಹಿರಿಯ ವಿದ್ಯಾರ್ಥಿನಿಯೊಬ್ಬರು ಹಳೆಯ ಪುಸ್ತಕದ ಅಂಗಡಿಯಲ್ಲಿ ಚೌಕಾಸಿ ಮಾಡಿ ತಂದದ್ದು. ನಾವು ಅವರನ್ನು ಅಕ್ಕಾ ಎಂದೇ ಕರೆಯುತ್ತಿದ್ದೆವು. ಪರೀಕ್ಷೆ ಹತ್ತಿರ ಬಂದು ಪುಸ್ತಕಕ್ಕೆ ಸರದಿ ಬೆಳೆದಾಗ ಅಕ್ಕ ಒಂದು ಸಂಜೆ ಮಂಚದ ಮೇಲೆ ಹಳೆಯ ಪತ್ರಿಕೆ ಹಾಸಿ, ಅರ್ಧ ಬ್ಲೇಡಿನಿಂದ ಬೈಂಡಿನ ಹೊಲಿಗೆ ಕತ್ತರಿಸಿ, ಕಾದಂಬರಿಯನ್ನು ನಾಲ್ಕು ಕಂತೆ ಮಾಡಿದರು. ಮೆಸ್ಸಿನಿಂದ ತಂದ ದಬ್ಬಣ ಮತ್ತು ಗೋಣಿದಾರದಿಂದ ಒಂದೊಂದು ಕಂತೆಯನ್ನೂ ಹೊಲಿದು, ಹೋದ ವರ್ಷದ ಕ್ಯಾಲೆಂಡರಿನ ಹಾಳೆಗಳನ್ನು ರಟ್ಟಾಗಿ ಹಚ್ಚಿ, ಕೋಣೆಯಿಂದ ಕೋಣೆಗೆ ಬಿಟ್ಟರು. ಮೊದಲ ಕಂತೆ ಸಿಕ್ಕವರು ರಾತ್ರಿಯೆಲ್ಲ ನಕ್ಕರು. ಲೋವುಡ್ ಶಾಲೆಯ ಸೀದ ಗಂಜಿ, ಬೆಳಿಗ್ಗೆ ಹೂಜಿಯಲ್ಲಿ ಹೆಪ್ಪುಗಟ್ಟಿದ ನೀರು, ಮಕ್ಕಳ ಗುಂಗುರು ಕೂದಲು ಕತ್ತರಿಸಲು ಹೇಳುವ ಮೇಲ್ವಿಚಾರಕ, ಇವೆಲ್ಲ ಅವರಿಗೆ ನಮ್ಮ ಮೆಸ್ಸಿನ ನೀರುಸಾರು ಮತ್ತು ನಮ್ಮ ವಾರ್ಡನ್ನರ ವರ್ಣನೆಯಂತೆಯೇ ಕಂಡವು. ಆ ಶಾಲೆಯಲ್ಲಿ ಹೆಲೆನ್ ಬರ್ನ್ಸ್ ಕ್ಷಯದಿಂದ ಸಾಯುವ ಪುಟಗಳಿಗೆ ಬಂದಮೇಲೆ ನಗು ನಿಂತಿತು. ಷಾರ್ಲೆಟ್‌ಳ ಇಬ್ಬರು ಅಕ್ಕಂದಿರು ಮಾರಿಯಾ ಮತ್ತು ಎಲಿಜಬೆತ್ ಇಂಥದೇ ಶಾಲೆಯಲ್ಲಿ ಕಾಯಿಲೆ ಬಿದ್ದು 1825ರಲ್ಲಿ ತೀರಿಕೊಂಡರೆಂಬುದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ, ಹಾವರ್ತಿನ ಚರ್ಚಿನಲ್ಲಿ ನಿಂತಾಗ.

ನನ್ನ ಪಾಲಿಗೆ ಮೊದಲು ಬಂದದ್ದು ಕೊನೆಯ ಕಂತೆ. ಅದು ಆರಂಭವಾಗುವುದೇ ಎರಡು ದಿನ ಕಳೆದಿವೆ ಎಂಬ ಮಾತಿನಿಂದ. ಕೈಯಲ್ಲಿದ್ದ ಇಪ್ಪತ್ತು ಶಿಲಿಂಗನ್ನು ಗಾಡಿಯವನಿಗೆ ಕೊಟ್ಟು, ಗಂಟನ್ನು ಗಾಡಿಯಲ್ಲೇ ಮರೆತು, ಯಾರೂ ಇಲ್ಲದ ಬಯಲಿನ ನಾಲ್ಕು ದಾರಿ ಕೂಡುವಲ್ಲಿ ಇಳಿದ ಒಬ್ಬ ಹುಡುಗಿ. ಆಕೆ ಯಾರಿಂದ ಓಡಿ ಬಂದಳು, ಏಕೆ ಬಂದಳು ಎಂಬುದು ನನಗೆ ಗೊತ್ತಿರಲಿಲ್ಲ. ಹೊರಬಯಲಿನಲ್ಲಿ ಮಲಗುತ್ತಾಳೆ; ಅಂಗಡಿಯಲ್ಲಿ ಕರವಸ್ತ್ರ ಕೊಡುತ್ತೇನೆ, ಒಂದು ರೊಟ್ಟಿ ಕೊಡಿ ಎಂದು ಬೇಡಿ ಇಲ್ಲವೆನಿಸಿಕೊಳ್ಳುತ್ತಾಳೆ; ಹಂದಿಯ ತೊಟ್ಟಿಗೆ ಸುರಿಯಲು ಹೊರಟಿದ್ದ ತಣ್ಣನೆಯ ಗಂಜಿಯನ್ನು ಕೇಳಿ ಪಡೆದು ತಿನ್ನುತ್ತಾಳೆ. ಕನ್ನಡ ಮಾಧ್ಯಮದಿಂದ ಬಂದಿದ್ದ ನಾನು ಪುಟಕ್ಕೆ ಹತ್ತು ಪದಗಳನ್ನು ನಿಘಂಟಿನಲ್ಲಿ ಹುಡುಕುತ್ತ ಓದಿದ್ದರಿಂದ, ಅವಳ ಆ ಹಸಿವು ನನಗೆ ಒಂದು ವಾರವಿಡೀ ನಡೆಯಿತು. ಆಮೇಲೆ ಅವಳಿಗೆ ಬಾಗಿಲು ತೆರೆದ ಯುವ ಪಾದ್ರಿ ಸೇಂಟ್ ಜಾನ್ ರಿವರ್ಸನೇ ಕಥೆಯ ನಾಯಕನೆಂದು ನಾನು ತಿಳಿದೆ. ಎರಡನೆಯ ಕಂತೆ ಓದಿದ್ದ ಪಕ್ಕದ ಕೋಣೆಯ ಗೆಳತಿ ನಾಯಕ ರಾಚೆಸ್ಟರ್ ಎಂದಳು. ಪುಸ್ತಕದಲ್ಲಿ ಇಬ್ಬರು ಗಂಡಸರಿದ್ದಾರೆಂಬುದು ತಿಳಿಯದೆ, ಒಬ್ಬನನ್ನೇ ನಾವು ತಪ್ಪು ಓದಿದ್ದೇವೆಂದು ಭಾವಿಸಿ, ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತು ಜಗಳವಾಡಿದೆವು. ಬರ್ತಾ ನನಗೆ ಸಿಕ್ಕಿದ್ದಂತೂ ಕೊನೆಯ ಅಧ್ಯಾಯಗಳಲ್ಲಿ, ಸುಟ್ಟುಹೋದ ಮನೆಯ ಬಗ್ಗೆ ಊರಿನ ವಸತಿಗೃಹದವನು ಜೇನ್‌ಗೆ ಹೇಳುವ ಸುದ್ದಿಯಾಗಿ: ಒಬ್ಬ ಹುಚ್ಚಿ ಇದ್ದಳು, ಮಾಡಿನಿಂದ ಹಾರಿ ಸತ್ತಳು. ನಾನು ಅದನ್ನು ದಾಟಿ ಮುಂದಿನ ಪುಟಕ್ಕೆ ಹೋಗಿದ್ದೆ.

ಆ ಕಾರಣದಿಂದಲೋ ಏನೋ, ಈ ಪುಸ್ತಕವನ್ನು ಪ್ರೇಮಕಥೆಯೆಂದು ಹೊಗಳುವವರೂ ಪ್ರೇಮಕಥೆಯೆಂದು ಮೂಗು ಮುರಿಯುವವರೂ ನನಗೆ ಒಂದೇ ಪಂಗಡದವರಾಗಿ ಕಾಣುತ್ತಾರೆ. ತಾನು ಪ್ರೀತಿಸಿದವನ ಮನೆಯಲ್ಲಿ ರೇಷ್ಮೆಯುಟ್ಟು ಇಟ್ಟುಕೊಂಡವಳಾಗಿ ಉಳಿಯುವುದಕ್ಕಿಂತ ಬೆಳಗಿನ ಜಾವ ಬಾಗಿಲಿನ ಕೀಲಿಗೆ ಎಣ್ಣೆ ಹಚ್ಚಿ ಸದ್ದಾಗದಂತೆ ಹೊರಟುಬಿಡುವ ಅಧ್ಯಾಯ, ಅದರ ಹಿಂದೆಯೇ ಬರುವ ಹಸಿವಿನ ಅಧ್ಯಾಯ, ಇವೆರಡಕ್ಕಾಗಿ ನಾನು ಈ ಕಾದಂಬರಿಯನ್ನು ಎತ್ತಿಹಿಡಿಯುತ್ತೇನೆ. ಬರ್ತಾಳ ವಿಷಯದಲ್ಲಿ ಹುಡುಗಿಯ ಕಡೆಗೇ ನನ್ನ ಮತ. ಜೇನ್‌ಗೆ ಅಷ್ಟು ಮಾತು ಕೊಟ್ಟ ಲೇಖಕಿ, ಹೊರದೇಶದಿಂದ ಮದುವೆಯಾಗಿ ಈ ಚಳಿಗೆ ಬಂದ ಹೆಣ್ಣನ್ನು ನಾಲ್ಕು ಕಾಲಿನ ಮೃಗದಂತೆ ಚಿತ್ರಿಸಿದ್ದು ನಮ್ಮಂಥ ಓದುಗರ ಗಂಟಲಲ್ಲಿ ಇಳಿಯುವುದಿಲ್ಲ.

ಸಭೆಯಲ್ಲಿ ಎಲ್ಲರನ್ನೂ ನಗಿಸಿದವರು, ಮಗಳ ಮನೆಗೆ ಬಂದಿದ್ದು ಈ ವಾರ ಹಾಸನಕ್ಕೆ ಹಿಂದಿರುಗುತ್ತಿರುವ ಅಜ್ಜಿಯೊಬ್ಬರು. ಮೊಮ್ಮಗಳು ರಾತ್ರಿ ಮಲಗುವಾಗ ದಿನಕ್ಕಿಷ್ಟರಂತೆ ಕನ್ನಡದಲ್ಲಿ ಕಥೆ ಹೇಳಿ ಅವರಿಗೆ ಪುಸ್ತಕವನ್ನು ಪೂರ್ತಿ ಮುಗಿಸಿಕೊಟ್ಟಿದ್ದಳಂತೆ. ಅವರ ತಕರಾರು ಬರ್ತಾಳ ಬಗ್ಗೆಯೂ ಅಲ್ಲ, ರಾಚೆಸ್ಟರ್ ಬಗ್ಗೆಯೂ ಅಲ್ಲ. “ಆ ಜಾನು ಸ್ವಂತ ಸೋದರತ್ತೆ ಮಗ. ಓದಿದ ಹುಡುಗ, ಚಟ ಇಲ್ಲ, ಅವನೇ ಬಾಯಿಬಿಟ್ಟು ಕೇಳಿದ. ಅವನನ್ನ ಬಿಟ್ಟು ಮನೆ ಸುಟ್ಟುಕೊಂಡು ಕಣ್ಣು ಕಳಕೊಂಡವನ ಹತ್ತಿರ ಯಾಕೆ ಹೋದಳು ಅಂತೀನಿ” ಎಂದರು. ಲೆಕ್ಕ ಹಾಕಿ ನೋಡಿದರೆ ನಿಜವೇ: ಸೇಂಟ್ ಜಾನ್‌ನ ತಾಯಿ ಜೇನ್‌ಳ ತಂದೆಯ ಒಡಹುಟ್ಟಿದವಳು. ಇಷ್ಟು ವರ್ಷಗಳಲ್ಲಿ ಈ ಪುಸ್ತಕದ ಬಗ್ಗೆ ನಾನು ಓದಿದ ಯಾವ ವಿಮರ್ಶೆಯಲ್ಲೂ ಈ ದೃಷ್ಟಿಯಿಂದ ಅವನ ಹಕ್ಕನ್ನು ಮಂಡಿಸಿದ್ದನ್ನು ಕಂಡಿಲ್ಲ. ಹಾಗಾದರೆ ಚಿಕ್ಕಂದಿನಲ್ಲಿ ಪುಸ್ತಕ ಎಸೆದು ಜೇನ್‌ಳ ತಲೆ ಒಡೆದ ಜಾನ್ ರೀಡ್ ಕೂಡ ಸೋದರಮಾವನ ಮಗನೇ ಅಲ್ಲವೇ ಎಂದು ಯಾರೋ ಕೇಳಿದರು. ಅಜ್ಜಿ ಅದಕ್ಕೆ ಸೊಪ್ಪು ಹಾಕಲಿಲ್ಲ.

ಅವರಿಗೆ ಉತ್ತರ ಕೊಟ್ಟವರು ಮಂಗಳೂರಿನ ಇನ್ನೊಬ್ಬ ಹಿರಿಯರು. ಸೇಂಟ್ ಜಾನ್ ಕರೆದದ್ದು ಸಂಸಾರಕ್ಕಲ್ಲ, ಸಂಬಳವಿಲ್ಲದ ಚಾಕರಿಗೆ ಎಂದರು ಆಕೆ. ಅವನು ಮತಪ್ರಚಾರಕ್ಕೆ ಹಿಂದೂಸ್ಥಾನಕ್ಕೆ ಹೊರಟವನು. ಜರ್ಮನ್ ಕಲಿಯುತ್ತಿದ್ದ ಜೇನ್‌ಳಿಗೆ ಅದನ್ನು ಬಿಡಿಸಿ ಹಿಂದೂಸ್ತಾನಿ ಕಲಿಸುತ್ತಾನೆ. ದೇವರು ನಿನ್ನನ್ನು ರೂಪಿಸಿದ್ದು ಪ್ರೀತಿಗಾಗಿ ಅಲ್ಲ, ದುಡಿಮೆಗಾಗಿ ಎಂದು ಮುಖದ ಮೇಲೆ ಹೇಳುತ್ತಾನೆ. ತಂಗಿಯಾಗಿ ಬರುತ್ತೇನೆ, ಹೆಂಡತಿಯಾಗಿ ಬರಲಾರೆ ಎಂದು ಜೇನ್ ಒಪ್ಪಿದರೂ ಅವನು ಒಪ್ಪುವುದಿಲ್ಲ. ಇದು ಬರೀ ಕಟ್ಟುಕಥೆಯಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಮೋಗ್ಲಿಂಗ್ ಆ ಮಿಷನ್ನಿನವನೇ. ಅವರ ಪಾದ್ರಿಗಳು ಮದುವೆಯಾಗಬೇಕಾದರೆ ಮಿಷನ್ನಿನ ಆಡಳಿತ ಮಂಡಳಿಯ ಅನುಮತಿ ಬೇಕಿತ್ತು. ಅಲ್ಲಿಂದಲೇ ಹೆಣ್ಣು ಗೊತ್ತುಮಾಡಿ ಹಡಗು ಹತ್ತಿಸುವುದೂ ಇತ್ತು, ಗಂಡನಾಗುವವನನ್ನು ಬಂದಿಳಿದ ಮೇಲೆಯೇ ಮೊದಲ ಬಾರಿ ಕಂಡ ವಧುಗಳೂ ಇದ್ದರು. ಅವರಲ್ಲಿ ಎಷ್ಟೋ ಜನ ಜ್ವರಕ್ಕೆ, ಹೆರಿಗೆಗೆ ಬಲಿಯಾಗಿ ನಮ್ಮ ಕರಾವಳಿಯ ಮಣ್ಣಿನಲ್ಲೇ ಇದ್ದಾರೆ. ನಿನ್ನನ್ನು ಮದುವೆಯಾದರೆ ನೀನು ನನ್ನನ್ನು ಕೊಲ್ಲುತ್ತೀಯೆ ಎಂದು ಜೇನ್ ಅವನಿಗೆ ಹೇಳುವುದನ್ನು ಓದಿ ರಿಗ್ಬಿಯಂಥವರಿಗೆ ಸಿಟ್ಟು ಬಂದಿದ್ದರೆ, ಮಂಗಳೂರಿನ ಹಿರಿಯರಿಗೆ ಅದು ತೀರಾ ಸರಿಯಾದ ಅಂದಾಜು ಎನಿಸಿತು. ಅಜ್ಜಿ ಮಾತ್ರ ಪಟ್ಟು ಬಿಡಲಿಲ್ಲ. ಪುಸ್ತಕ ಮುಗಿಯುವುದು ಯಾರ ಹೆಸರಿನಿಂದ ಎಂದು ಮೊಮ್ಮಗಳನ್ನು ಕೇಳಿದರು. ಅದು ಮುಗಿಯುವುದು ರಾಚೆಸ್ಟರ್‌ನಿಂದಲ್ಲ, ಇಂಡಿಯಾದಲ್ಲಿ ದುಡಿದು ಸಾವಿನ ಹತ್ತಿರ ಬಂದಿರುವ ಸೇಂಟ್ ಜಾನ್‌ನ ಪತ್ರದಿಂದ. ಷಾರ್ಲೆಟ್ ಹಾಗೇಕೆ ಮಾಡಿದಳೆಂಬುದಕ್ಕೆ ಬಳಗದಲ್ಲಿ ಯಾರೂ ಒಪ್ಪುವ ಉತ್ತರ ಹೇಳಲಿಲ್ಲ. ಅಜ್ಜಿಯವರ ಪ್ರಯಾಣ ಸುಖಕರವಾಗಲಿ, ಮುಂದಿನ ಬೇಸಿಗೆಗೆ ವೀಸಾ ಸುಲಭವಾಗಿ ಸಿಗಲಿ.

ಪುಟ ಮುಗಿಯುತ್ತ ಬಂತು, ಇನ್ನು ಪ್ರಕಟಣೆಗಳು. ರಾಜ್ಯೋತ್ಸವ ಮತ್ತು ದೀಪಾವಳಿಯನ್ನು ನವೆಂಬರ್ ಎರಡನೆಯ ಶನಿವಾರ ಒಟ್ಟಿಗೆ ಆಚರಿಸುತ್ತೇವೆ. ಪುಳಿಯೋಗರೆ ಹಾಗೂ ಕೋಸಂಬರಿಗೆ ಹೆಸರು ಕೊಟ್ಟವರು ಸಾಕಷ್ಟಿದ್ದಾರೆ, ಪಲ್ಯ ಮತ್ತು ಹುಳಿಗೆ ಯಾರೂ ಇಲ್ಲ. ಕಾಗದದ ತಟ್ಟೆ ಬೇಡವೆಂದು ತೀರ್ಮಾನವಾಗಿರುವುದರಿಂದ ಮನೆಯಿಂದ ಸ್ಟೀಲ್ ತಟ್ಟೆ ಲೋಟ ತನ್ನಿ. ಮಕ್ಕಳ ಕನ್ನಡ ತರಗತಿ ಇನ್ನು ಮುಂದೆ ಭಾನುವಾರ ಹತ್ತೂವರೆಗೆ. ವಸಂತದಲ್ಲಿ ಹ್ಯಾದರ್‌ಸೇಜ್ ಗ್ರಾಮಕ್ಕೆ ಓದುಗರ ಬಳಗದ ಪ್ರವಾಸವಿದೆ. 1845ರಲ್ಲಿ ಷಾರ್ಲೆಟ್ ಗೆಳತಿ ಎಲೆನ್ ನಸಿಯೊಂದಿಗೆ ಉಳಿದುಕೊಂಡಿದ್ದ ಪಾದ್ರಿಮನೆ, ಐರ್ ಮನೆತನದವರ ಹಿತ್ತಾಳೆ ಸ್ಮಾರಕಗಳಿರುವ ಚರ್ಚು, ಥಾರ್ನ್‌ಫೀಲ್ಡ್‌ಗೆ ಮಾದರಿಯಾಗಿರಬಹುದೆಂದು ಹೇಳುವ ನಾರ್ತ್ ಲೀಸ್ ಹಾಲ್, ಇವೆಲ್ಲ ಅಲ್ಲಿವೆ. ಶೆಫೀಲ್ಡಿನಿಂದ ರೈಲಿದೆ; ನಡೆಯಲಾಗದ ಹಿರಿಯರಿಗಾಗಿ ಎರಡು ಕಾರುಗಳಾದರೂ ಬೇಕು.

ಇನ್ನೊಂದು ಮಾತು. ಈ ಪತ್ರಿಕೆಯ ಪುಟವಿನ್ಯಾಸವನ್ನು ಇಷ್ಟು ದಿನ ನಿಭಾಯಿಸಿದವರು ಕೆಲಸದ ನಿಮಿತ್ತ ಬೇರೆ ಊರಿಗೆ ಹೋಗುತ್ತಿದ್ದಾರೆ. ತಿದ್ದುವುದು, ಜೋಡಿಸುವುದು, ಅಂಚೆಚೀಟಿ ಹಚ್ಚುವುದು ಮೂರನ್ನೂ ನಾನೊಬ್ಬಳೇ ಮಾಡಲು ಸಾಧ್ಯವಿಲ್ಲವೆಂಬುದನ್ನು ಸಂಕೋಚ ಬಿಟ್ಟು ಹೇಳುತ್ತಿದ್ದೇನೆ. ತಿಂಗಳಿಗೆ ಎರಡು ಸಂಜೆ ಬಿಡುವಿರುವ ಯಾರಾದರೂ ಮುಂದೆ ಬಂದರೆ ಪತ್ರಿಕೆ ಯುಗಾದಿ ಸಂಚಿಕೆಯನ್ನು ಕಾಣುತ್ತದೆ. ಬರ್ತಾಳನ್ನು ಕುರಿತ ಪತ್ರಗಳನ್ನು ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ. ಇನ್ನೂರು ಪದಗಳೊಳಗಿರಲಿ, ಹಳೆಯ ನುಡಿ ಫಾಂಟಿನಲ್ಲಿ ಕಳಿಸದೆ ಯೂನಿಕೋಡಿನಲ್ಲೇ ಕಳಿಸಿ. ಕಳೆದ ಭಾನುವಾರ ಗಲಾಟೆಯ ನಡುವೆ ಸಭಾಂಗಣದ ಅಡುಗೆಮನೆಯ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಹೋದವರು ದಯವಿಟ್ಟು ಶುಕ್ರವಾರದೊಳಗೆ ತಂದುಕೊಡಬೇಕು, ಚಹಾದ ಪಾತ್ರೆಗಳೆಲ್ಲ ಒಳಗೇ ಉಳಿದಿವೆ.